ಲಂಡನ್ ಯಾರನ್ನು ಕರೆಯುತ್ತದೆ?

ಕವಿತೆ ಬರೆಯುವವರಿಗೆ ಬ್ಯಾಂಕು, ಷೇರುಪೇಟೆಗಳ ಉಸಾಬರಿ ಯಾಕೆ ಅಂತ ಕೇಳುವವರು ನಮ್ಮ ನಡುವೆಯೇ ಇದ್ದಾರೆ. ನಮ್ಮ ಜನರ ಮೇಲೆ ಬರೆದ ಕವಿತೆಗಳಿಗಿಂತ ಅವರ ಮೇಲೆ ಬರೆದ ಲೆಕ್ಕಗಳೇ ಹೆಚ್ಚು ಕಾಲ ಬಾಳಿವೆ. ಶಾನುಭೋಗನ ಲೆಕ್ಕ, ಸಾಹುಕಾರನ ಲೆಕ್ಕ, ಗಣಿ ಕಂಪನಿಯ ಮೇಸ್ತ್ರಿಯ ಲೆಕ್ಕ. ಅಪ್ಪಂದಿರು ಹೆಬ್ಬೆಟ್ಟು ಒತ್ತಿದ ಕಾಗದವನ್ನು ಮಕ್ಕಳಾದರೂ ಓದಬೇಕಲ್ಲವೆ? ಹಾಗಾಗಿ ಈ ಸಲ ಕವನ ಸಂಕಲನ ಬದಿಗಿಟ್ಟು ಸಾಸ್ಕಿಯಾ ಸಾಸೆನ್ ಎಂಬ ಸಮಾಜಶಾಸ್ತ್ರಜ್ಞೆ ಬರೆದ ‘ದಿ ಗ್ಲೋಬಲ್ ಸಿಟಿ’ ಕೈಗೆತ್ತಿಕೊಂಡಿದ್ದೇವೆ. ಮೊದಲು ಬಂದದ್ದು 1991ರಲ್ಲಿ, ಪರಿಷ್ಕರಿಸಿದ ಎರಡನೇ ಆವೃತ್ತಿ 2001ರಲ್ಲಿ. ನ್ಯೂಯಾರ್ಕ್, ಲಂಡನ್, ಟೋಕಿಯೊ ಮೂರೂ ಅದರಲ್ಲಿವೆ. ನಾವು ಲಂಡನ್ನೊಂದನ್ನೇ ಹಿಡಿದು ಮಾತಾಡುತ್ತೇವೆ, ಯಾಕೆಂದರೆ ಆ ಊರಿನ ಖಾತೆಯಲ್ಲಿ ನಮ್ಮವರ ಬಾಕಿ ಇದೆ.

ಪುಸ್ತಕದ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. 1970ರ ದಶಕದಿಂದೀಚೆಗೆ ಕಾರ್ಖಾನೆಗಳು ದೊಡ್ಡ ನಗರಗಳನ್ನು ಬಿಟ್ಟು ಕೂಲಿ ಅಗ್ಗವಿರುವ ಕಡೆ ಹೋದವು. ಕಂಪ್ಯೂಟರು, ಉಪಗ್ರಹ, ಫೋನು ಎಲ್ಲ ಬಂದವು. ಇನ್ನು ನಗರಗಳೇ ಬೇಕಿಲ್ಲ, ಎಲ್ಲಿ ಕೂತಾದರೂ ವ್ಯಾಪಾರ ನಡೆಸಬಹುದು ಎಂದು ಹೇಳಿದವರು ಬಹಳ. ಆದದ್ದು ಉಲ್ಟಾ. ಕೆಲಸ ಹತ್ತು ದೇಶಗಳಿಗೆ ಚೆದುರಿದಷ್ಟೂ ಅದರ ಲಗಾಮು ಹಿಡಿಯುವುದು ಜಟಿಲವಾಯಿತು. ಹತ್ತು ದೇಶಗಳ ಕಾನೂನು, ತೆರಿಗೆ, ಹಣದ ಬೆಲೆ, ಸಾಲ, ವಿಮೆ ನೋಡಿಕೊಳ್ಳುವವರು ಬೇಕಾದರು. ಕಂಪನಿಗಳು ಇದನ್ನೆಲ್ಲ ಹೊರಗಿನಿಂದ ಕೊಳ್ಳತೊಡಗಿದವು, ವಕೀಲರಿಂದ, ಲೆಕ್ಕಪರಿಶೋಧಕರಿಂದ, ಸಲಹೆಗಾರರಿಂದ, ಬ್ಯಾಂಕುಗಳಿಂದ. ಇವರೋ ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಒಂದು ದೊಡ್ಡ ಸಾಲದ ಪತ್ರ ತಯಾರಾಗಬೇಕಾದರೆ ಇವರೆಲ್ಲ ಒಟ್ಟಿಗೆ ಸೇರಬೇಕು, ಬೇಗ ಸೇರಬೇಕು. ಹಾಗಾಗಿ ಒಂದೇ ಊರಿನಲ್ಲಿ ಗುಂಪುಗೂಡುತ್ತಾರೆ. ಗುಂಪು ಇದ್ದಲ್ಲಿಗೆ ಕಂಪನಿ ಬರುತ್ತದೆ, ಕಂಪನಿ ಇದ್ದಲ್ಲಿಗೆ ಇನ್ನಷ್ಟು ಓದಿದವರು ಬರುತ್ತಾರೆ. ನಮ್ಮ ಕಡೆ ದನದ ಜಾತ್ರೆ ಕಟ್ಟೋದೂ ಹೀಗೇ.

ಸಾಸೆನ್ ಅವರ ಮೇಲೆ ನಮಗೆ ಗೌರವವಿದೆ. ಗೋಪುರದ ಐವತ್ತನೇ ಮಹಡಿ ನೋಡಿ ಬಾಯಿ ಬಿಟ್ಟು ಬರೆದವರಲ್ಲ ಅವರು. ರಾತ್ರಿ ಬಂದು ಆ ಮಹಡಿ ಗುಡಿಸುವವರು, ತಿಂಡಿ ಕಟ್ಟಿಕೊಡುವವರು, ಕಾವಲು ಕಾಯುವವರು, ದೂರದೇಶಗಳಿಂದ ಬಂದ ಆ ಕೂಲಿಜನ ನಗರದ ಹಳೆಯ ಬಡತನದ ಪಳೆಯುಳಿಕೆ ಅಲ್ಲ, ಈ ಹೊಸ ಸಂಪತ್ತಿನ ಒಳಗಿನ ಭಾಗವೇ ಎಂದು ಖಚಿತವಾಗಿ ಬರೆದರು. ಮೇಲಿನ ಸಂಬಳ ಏರಿದಷ್ಟೂ ಕೆಳಗಿನ ಕೂಲಿ ಯಾಕೆ ಏರುವುದಿಲ್ಲ ಎಂದೂ ಕೇಳಿದರು. ಇದಾದ ಹನ್ನೊಂದು ವರ್ಷಕ್ಕೆ, 2002ರಲ್ಲಿ, ರಿಚರ್ಡ್ ಫ್ಲಾರಿಡಾ ಎಂಬವರು ‘ಸೃಜನಶೀಲ ವರ್ಗ’ದ ಮೇಲೆ ಪುಸ್ತಕ ಬರೆದು ಊರೂರಿನ ಮೇಯರುಗಳಿಗೆ ಪಾಠ ಹೇಳಿಕೊಟ್ಟರು. ತಂತ್ರಜ್ಞಾನ, ಪ್ರತಿಭೆ, ಸಹಿಷ್ಣುತೆ ಈ ಮೂರಿದ್ದರೆ ಜಾಣರು ಬರ್ತಾರೆ, ಜಾಣರು ಬಂದರೆ ದುಡ್ಡು ಬರುತ್ತೆ ಅಂತ. ಊಟದ ಚೀಟಿಯಂಥ ಸಿದ್ಧಾಂತ. ನಗರಗಳಲ್ಲಿ ಬೆಳೆದ ಅಸಮಾನತೆಯ ಬಗ್ಗೆ 2017ರಲ್ಲಿ ಅವರೇ ಇನ್ನೊಂದು ಪುಸ್ತಕ ಬರೆಯಬೇಕಾಯಿತು. ಅವರನ್ನು ಅಲ್ಲಿಗೇ ಬಿಡೋಣ.

ಸಾಸೆನ್ ಜೊತೆ ನಮ್ಮ ತಕರಾರು ಎರಡು.

ಒಂದು, ಅವರ ಪುಸ್ತಕದ ಗಡಿಯಾರ ಮುಖ್ಯವಾಗಿ 1970ರ ನಂತರವೇ ಓಡುತ್ತದೆ. ಲಂಡನ್ನಿನ ಗೋಪುರಗಳು ನಿಂತ ನೆಲದ ಗಡಿಯಾರ ಬಹಳ ಹಳೆಯದು. ಕ್ಯಾನರಿ ವಾರ್ಫ್ ಎಂಬ ಬ್ಯಾಂಕುಗಳ ಬಡಾವಣೆ ಎದ್ದದ್ದು ವೆಸ್ಟ್ ಇಂಡಿಯಾ ಡಾಕ್ಸ್ ಎಂಬ ಹಡಗುಕಟ್ಟೆಯ ಮೇಲೆ. ಆ ಕಟ್ಟೆ ತೆರೆದದ್ದು 1802ರಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನ ಸಕ್ಕರೆ ಇಳಿಸಲಿಕ್ಕೆ. ಅದನ್ನು ಕಟ್ಟಿಸಲು ಮುಂದೆ ನಿಂತ ವ್ಯಾಪಾರಿ ರಾಬರ್ಟ್ ಮಿಲಿಗನ್ ಜಮೈಕಾದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವನು. ಅವನ ಪ್ರತಿಮೆ ಅಲ್ಲೇ, ಬ್ಯಾಂಕುಗಳ ಮಗ್ಗುಲಲ್ಲೇ ನಿಂತಿತ್ತು. ಕಪ್ಪುಜನರ ಹೋರಾಟದ ಬಿಸಿ ತಾಗಿದ ಮೇಲೆ, 2020ರ ಜೂನ್ 9ರಂದು, ಕ್ರೇನ್ ತಂದು ಎತ್ತಿಕೊಂಡು ಹೋದರು. ಲಂಡನ್ನಿನ ಡಾಕುಗಳಲ್ಲಿ ಮೂಟೆ ಹೊತ್ತವರು ದಿನಾ ಬೆಳಗಾಗೆದ್ದು ಗೇಟಿನ ಮುಂದೆ ನಿಂತು, ಇವತ್ತು ನನ್ನನ್ನು ಕರೀತಾರೋ ಇಲ್ಲವೋ ಅಂತ ಕಾಯಬೇಕಿತ್ತು. 1889ರಲ್ಲಿ ಅವರು ಗಂಟೆಗೆ ಆರು ಪೆನ್ನಿ ಕೂಲಿಗಾಗಿ ಮುಷ್ಕರ ಹೂಡಿ ಗೆದ್ದರು. ವೆಸ್ಟ್ ಇಂಡಿಯಾ ಡಾಕ್ಸ್ 1980ರಲ್ಲಿ ಮುಚ್ಚಿತು.

ಆಮೇಲೆ ಅಲ್ಲಿಗೆ ಬ್ಯಾಂಕುಗಳು ಹೇಗೆ ಬಂದವು? ‘ಆಕರ್ಷಿತ’ವಾಗಿ ಬಂದವು ಅಂತ ಬರೆಯುತ್ತಾರೆ, ಹೂವಿಗೆ ದುಂಬಿ ಬಂದ ಹಾಗೆ. ಹೂವು ಸರ್ಕಾರ ಮಾಡಿಸಿದ್ದು. 1981ರಲ್ಲಿ ಡಾಕ್ ಪ್ರದೇಶಕ್ಕೆ ಒಂದು ಅಭಿವೃದ್ಧಿ ನಿಗಮ ಮಾಡಿ, ಅಲ್ಲಿನ ಜನ ಆರಿಸಿದ ಕೌನ್ಸಿಲುಗಳ ಕೈಯಿಂದ ಯೋಜನೆಯ ಅಧಿಕಾರ ಕಿತ್ತು ನಿಗಮಕ್ಕೆ ಕೊಟ್ಟರು. 1982ರಲ್ಲಿ ಉದ್ದಿಮೆ ವಲಯ ಅಂತ ಘೋಷಿಸಿ ಹತ್ತು ವರ್ಷ ಕಟ್ಟಡಗಳ ಕಂದಾಯ ಮಾಫಿ ಮಾಡಿದರು, ಕಟ್ಟಿದ ಖರ್ಚನ್ನೆಲ್ಲ ತೆರಿಗೆಯಲ್ಲಿ ಕಳೆದುಕೊಳ್ಳಿ ಅಂದರು. 1986ರ ಅಕ್ಟೋಬರ್ 27ರಂದು ಷೇರುಪೇಟೆಯ ಹಳೆಯ ಕಟ್ಟುಗಳನ್ನು ಒಂದೇ ದಿನ ಬಿಚ್ಚಿದರು. ದಲಾಲಿಯ ನಿಗದಿತ ದರ ಹೋಯಿತು, ಹೊರದೇಶದ ಬ್ಯಾಂಕುಗಳು ಲಂಡನ್ನಿನ ದಲಾಲಿ ಸಂಸ್ಥೆಗಳನ್ನು ಇಡಿಯಾಗಿ ಕೊಳ್ಳುವುದಕ್ಕೆ ದಾರಿಯಾಯಿತು. ಅದಕ್ಕೂ ಮೊದಲು, 1950ರ ದಶಕದ ಕೊನೆಯಿಂದಲೇ, ಅಮೆರಿಕದ ನಿಯಮಗಳಿಂದ ತಪ್ಪಿಸಿಕೊಂಡ ಡಾಲರುಗಳಿಗೆ ಲಂಡನ್ ಛತ್ರವಾಗಿತ್ತು. ಇಷ್ಟೆಲ್ಲ ಮಾಡಿದರೂ, 50 ಅಂತಸ್ತಿನ ದೊಡ್ಡ ಗೋಪುರ 1991ರಲ್ಲಿ ಮುಗಿದು, 1992ರಲ್ಲೇ ಕಟ್ಟಿಸಿದ ಕಂಪನಿ ದಿವಾಳಿ ಎದ್ದಿತು. ಮತ್ತೆ ಸರ್ಕಾರವೇ ಸುರಂಗ ರೈಲು ತಂದು ಕೊಡಬೇಕಾಯಿತು, 1999ರಲ್ಲಿ. 2008ರಲ್ಲಿ ಬ್ಯಾಂಕುಗಳು ಮುಳುಗುವಾಗ ಹಿಡಿದೆತ್ತಿದ್ದು ಯಾರ ದುಡ್ಡು ಅಂತ ಹೇಳಬೇಕಾಗಿಲ್ಲ. ನಮ್ಮ ಹುಡುಗರಿಗೆ ಸ್ಕಾಲರ್‌ಶಿಪ್ ಕೊಟ್ಟರೆ ಅದು ‘ಸವಲತ್ತು’. ಬ್ಯಾಂಕಿಗೆ ಹತ್ತು ವರ್ಷ ಕಂದಾಯ ಬಿಟ್ಟರೆ ಅದು ‘ಆಕರ್ಷಣೆ’.

ಎರಡನೇ ತಕರಾರು ಆಳದ್ದು. ‘ಕುಶಲ’ ಎಂಬ ಮಾತಿನ ಮೇಲೆ.

ಜಾಗತಿಕ ನಗರದ ಮೇಲೆ ಬರೆಯುವವರೆಲ್ಲ ಕುಶಲರು ಬಂದರು, ಕುಶಲರು ಸೇರಿದರು ಅನ್ನುತ್ತಾರೆ. ಸಾಸೆನ್ ಕೂಡ, ಎರಡೂ ಕಡೆಯ ಕೂಲಿ ಲೆಕ್ಕ ಹಾಕಿದ ಮೇಲೂ, ಈ ಪದವನ್ನು ಅದರ ಪಾಡಿಗೆ ಬಿಟ್ಟುಬಿಟ್ಟಿದ್ದಾರೆ. ಕುಶಲತೆಯನ್ನು ಅಳೆಯುವ ಸೇರು ಯಾರ ಮನೆಯದು? ಬ್ರಿಟನ್ನಿನ ವೀಸಾ ನಿಯಮ ನೋಡಿ. 2002ರಲ್ಲಿ ‘ಅತಿ ಕುಶಲ’ ವಲಸಿಗರಿಗೆ ಅಂತ ಯೋಜನೆ ತಂದಾಗ ಓದಿಗೆ ಇಷ್ಟು ಅಂಕ, ಅನುಭವಕ್ಕೆ ಇಷ್ಟು, ಈ ಹಿಂದೆ ಪಡೆದ ಸಂಬಳಕ್ಕೆ ಇಷ್ಟು ಅಂತ ಇಟ್ಟರು. 2024ರ ಏಪ್ರಿಲ್‌ನಲ್ಲಿ ‘ಕುಶಲ ಕೆಲಸಗಾರ’ನ ಸಾಮಾನ್ಯ ಸಂಬಳದ ಮಿತಿಯನ್ನು ವರ್ಷಕ್ಕೆ 26,200 ಪೌಂಡಿನಿಂದ 38,700ಕ್ಕೆ ಏರಿಸಿದರು, 2025ರ ಜುಲೈನಲ್ಲಿ 41,700ಕ್ಕೆ. ಅಂದರೆ ಒಬ್ಬ ಮನುಷ್ಯ ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಅಕುಶಲನಾಗಬಹುದು. ಅವನ ಕೈ ಅದೇ, ತಲೆ ಅದೇ. ಮುದುಕರನ್ನು ಎತ್ತಿ ಕೂರಿಸಿ, ತೊಳೆದು, ಉಣ್ಣಿಸುವ ಆರೈಕೆ ಕೆಲಸದವರನ್ನು 2022ರಲ್ಲಿ ಬನ್ನಿ ಬನ್ನಿ ಎಂದು ಕರೆದರು. 2025ರ ಜುಲೈನಲ್ಲಿ ಹೊರದೇಶದಿಂದ ಅವರ ನೇಮಕಾತಿಗೆ ಬಾಗಿಲು ಹಾಕಿದರು. ಮುದುಕರ ಮೈ ತೊಳೆಯುವುದು ಈ ಸೇರಿನಲ್ಲಿ ಕುಶಲತೆ ಅಲ್ಲ. ಮೈಲಿಗೆ ಕೆಲಸ ಯಾವ ದೇಶದಲ್ಲೂ ಕುಶಲತೆ ಆಗುವುದಿಲ್ಲ ಅಂತ ಕಾಣುತ್ತೆ.

ನಮ್ಮ ಭಾಷೆಯಲ್ಲೂ ಇದೇ ಪಂಕ್ತಿಭೇದ ಇದೆ. ಚಪ್ಪಲಿ ಹೊಲಿಯೋದು, ತಮಟೆ ಹದ ಮಾಡೋದು, ಸತ್ತ ದನದ ಚರ್ಮ ಸುಲಿಯೋದು ‘ಕಸುಬು’. ಕೂತು ಲೆಕ್ಕ ಬರೆಯೋದು ‘ಪ್ರತಿಭೆ’. ಜಾತಿ ಎಂಬುದು ಕೆಲಸವನ್ನು ಮಾತ್ರ ಹಂಚಿದ್ದಲ್ಲ, ಕೆಲಸಗಾರರನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಂಚಿ ಕೂರಿಸಿದೆ ಎಂದು ಬಾಬಾಸಾಹೇಬರು ತೋರಿಸಿಕೊಟ್ಟ ಮೇಲೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ‘ಮೆರಿಟ್’ ಅನ್ನುವ ಮಾತು ಮಡಿಬಟ್ಟೆ ಉಟ್ಟುಕೊಂಡೇ ಓಡಾಡುತ್ತಿದೆ.

ಈಗ ಕೆಜಿಎಫ್‌ಗೆ ಬನ್ನಿ. ಲಂಡನ್ನಿಗೂ ಕೋಲಾರಕ್ಕೂ ಏನು ಸಂಬಂಧ ಅನ್ನಬೇಡಿ. ಚಿನ್ನದ ಗಣಿಯ ಕಂಪನಿಗಳು ನೋಂದಣಿಯಾದದ್ದು ಲಂಡನ್ನಿನಲ್ಲಿ, 1880ರಿಂದ. ಆಡಳಿತ ನಡೆಸಿದ್ದು ಅಲ್ಲಿನ ಜಾನ್ ಟೇಲರ್ ಅಂಡ್ ಸನ್ಸ್. ಷೇರುದಾರರು ಲಾಭಾಂಶ ಎಣಿಸಿಕೊಂಡದ್ದೂ ಅಲ್ಲೇ. ಸಾಸೆನ್ ಹೇಳುವ ‘ಕೆಲಸ ಚೆದುರಿ, ಲಗಾಮು ಒಂದೆಡೆ ಸೇರುವುದು’ ನಮಗೆ 1970ರ ನಂತರದ ಸುದ್ದಿಯೇ ಅಲ್ಲ. ಕೆಜಿಎಫ್‌ನ ತಟ್ಟಿ ಗುಡಿಸಲುಗಳ ಕೂಲಿ ಲೈನಿನಲ್ಲಿದ್ದವರು ಅದನ್ನು ತೊಂಬತ್ತು ವರ್ಷ ಮೊದಲೇ ಬಲ್ಲರು. ಅವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಊರಿನ ಜೀತ, ಊರಿನ ಬರ ಬಿಟ್ಟು ಬಂದವರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ, ಇಟಲಿಯಿಂದ ಬಂದ ಗಣಿಗಾರರು ಕುಶಲರು. ಅವರಿಗೆ ಬೇರೆ ಸಂಬಳ. ನಮ್ಮವರು ಕೂಲಿಗಳು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳಕ್ಕಿಳಿಯಿತು. ಅಷ್ಟು ಆಳದಲ್ಲಿ ಕಲ್ಲು ಒತ್ತಡ ತಾಳದೆ ಸಿಡಿಯುತ್ತದೆ. ಏರ್‌ಬ್ಲಾಸ್ಟ್ ಅನ್ನೋರು ಅದಕ್ಕೆ. ಆ ಕತ್ತಲೆಯಲ್ಲಿ, ಆ ಬಿಸಿಯಲ್ಲಿ ಬಂಡೆಯ ಸದ್ದಿಗೆ ಕಿವಿ ಕೊಟ್ಟು ಕೆಲಸ ಮಾಡಿ ಜೀವಸಹಿತ ಮೇಲೆ ಬರುವುದು ಯಾವ ವಿದ್ಯೆಗೆ ಕಡಿಮೆ? ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಸತ್ತದ್ದಕ್ಕಂತೂ ಮೊದಲೇ ಇರಲಿಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಎಂದು ಕಂಪನಿ ಹಟ ಹಿಡಿದಾಗ ಈ ‘ಅಕುಶಲ’ರು ಸಾವಿರಗಟ್ಟಲೆ ಕೆಲಸ ನಿಲ್ಲಿಸಿದರು. ಬೆರಳಚ್ಚು ಕಳ್ಳರದ್ದು ತಗೊಳ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು.

ಇಲ್ಲೂ ‘ಆಕರ್ಷಣೆ’ ಮಾಡಿಕೊಟ್ಟದ್ದು ಸರ್ಕಾರವೇ. ಶಿವನಸಮುದ್ರದಲ್ಲಿ ಮೈಸೂರು ಸಂಸ್ಥಾನ ಕಾವೇರಿಯಿಂದ ವಿದ್ಯುತ್ ತೆಗೆದು 1902ರಲ್ಲಿ ತಂತಿ ಎಳೆದದ್ದು ಮೊದಲಿಗೆ ಗಣಿ ಕಂಪನಿಗೆ. ಬೆಂಗಳೂರಿನ ಬೀದಿಗೆ ಆ ದೀಪ ಬಂದದ್ದು 1905ರಲ್ಲಿ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ತೆಗೆದರು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ರಂದು ಮುಚ್ಚಿತು. ಅದೇ ವರ್ಷವೇ ‘ಗ್ಲೋಬಲ್ ಸಿಟಿ’ಯ ಎರಡನೇ ಆವೃತ್ತಿ ಬಂದದ್ದು. ಅದರಲ್ಲಿ ಈ ಊರಿಗೆ ಜಾಗ ಇರಬೇಕಿತ್ತು ಎಂಬುದು ನಮ್ಮ ವಾದ, ಲಂಡನ್ನಿನ ಅಧ್ಯಾಯದೊಳಗೇ.

ಲಂಡನ್ನಿನ ಈ ಲೆಕ್ಕವನ್ನು ಲಂಡನ್ನಿನಲ್ಲೇ ಕೂತು ಓದಿದ ಒಬ್ಬರು ನಮ್ಮವರಿದ್ದರು. ಅಂಬೇಡ್ಕರ್ 1923ರಲ್ಲಿ ಅಲ್ಲಿನ ಅರ್ಥಶಾಸ್ತ್ರ ಶಾಲೆಗೆ ಒಪ್ಪಿಸಿ ಡಿ.ಎಸ್ಸಿ. ಪಡೆದ ಪ್ರಬಂಧ ರೂಪಾಯಿಯ ಸಮಸ್ಯೆಯ ಮೇಲೆ. ಆಗ ರೂಪಾಯಿಯ ಬೆಲೆ ಕಾಯಲು ಎಂದು ಇಟ್ಟ ಚಿನ್ನದ ನಿಧಿಯ ಬಹುಪಾಲು ಲಂಡನ್ನಿನಲ್ಲಿ, ಬ್ರಿಟಿಷ್ ಸಾಲಪತ್ರಗಳ ರೂಪದಲ್ಲಿ ಇರುತ್ತಿತ್ತು. ಈ ಏರ್ಪಾಟನ್ನು 1913ರಲ್ಲಿ ಕೇನ್ಸ್‌ನಂಥ ಪಂಡಿತ ಹೊಗಳಿ ಬರೆದಿದ್ದ. ಮೂವತ್ತರ ಆಸುಪಾಸಿನ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಹಣವನ್ನು ಆಳುವವರ ವಿವೇಚನೆಗೆ ಬಿಟ್ಟರೆ ಬೆಲೆ ನಿಲ್ಲುವುದಿಲ್ಲ, ಏಟು ಬೀಳುವುದು ಬಡವರಿಗೆ ಎಂಬುದು ಅವರ ನಿಲುವು. ಬಾಬಾಸಾಹೇಬರ ಫೋಟೋಗೆ ಹಾರ ಹಾಕುವ ನಮ್ಮ ಸಂಘಗಳಲ್ಲಿ ಈ ಪುಸ್ತಕ ಓದಿದವರು ಎಷ್ಟು ಜನ ಅಂತ ಕೇಳಿದರೆ ಕೋಪ ಬರುತ್ತೆ. ಬರಲಿ. ಬ್ಯಾಂಕು ನಮಗೆ ಯಾಕೆ ಅನ್ನುವವರು ಮೊದಲು ಅದನ್ನು ಓದಲಿ.

ಇಂದಿನ ಕುಶಲರ ಪೆಟ್ಟಿಗೆಯಲ್ಲಿ ಜಾತಿಯೂ ಹೋಗುತ್ತದೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಜಾತಿಯನ್ನು ಸೇರಿಸುವ ಅಧಿಕಾರವನ್ನು ಮಂತ್ರಿಗೆ ಕೊಟ್ಟಿದ್ದರು. 2013ರಲ್ಲಿ ಪಾರ್ಲಿಮೆಂಟು ಅದನ್ನು ಸೇರಿಸಲೇಬೇಕು ಎಂದಿತು. 2018ರಲ್ಲಿ ಸರ್ಕಾರ ಬೇಡ, ಕೋರ್ಟುಗಳು ನೋಡಿಕೊಳ್ಳಲಿ ಅಂದುಬಿಟ್ಟಿತು. ಅಲ್ಲಿಯ ಹಿಂದೂ ಸಂಘಟನೆಗಳ ವಿರೋಧ ಸಣ್ಣದಿರಲಿಲ್ಲ. ಸಹಿಷ್ಣುತೆಯ ಸೂಚ್ಯಂಕ ಹಾಕುವ ವಿದ್ವಾಂಸರು ಇದಕ್ಕೆ ಎಷ್ಟು ಅಂಕ ಕಳೆಯುತ್ತಾರೋ.

ಹಾಗಂತ ನಮ್ಮ ಹುಡುಗ ಹುಡುಗಿಯರು ಆ ಗೋಪುರದ ಕಡೆ ನೋಡಬಾರದು ಎಂದು ನಾವು ಹೇಳಿದರೆ ಅದು ಶುದ್ಧ ಬೂಟಾಟಿಕೆ. ಮನೆಯಲ್ಲಿ ಮೊದಲ ಡಿಗ್ರಿ ಹಿಡಿದ ನಾವೂ ಕಂಪ್ಯೂಟರ್ ಮುಂದೆ ಕೂತು ಸಂಬಳದ ಅಂಕಿ ನೋಡಿದವರೇ. ಹೋಗಲಿ, ದುಡಿಯಲಿ, ತಂಗಿಯನ್ನು ಓದಿಸಲಿ. ಆದರೆ ತಾನು ಹೋದದ್ದು ಕುಶಲ ಎಂದು, ಅಪ್ಪ ಉಳಿದದ್ದು ಅಕುಶಲ ಎಂದು ನಂಬಿಕೊಂಡು ಹೋಗುವುದು ಬೇಡ. ಹೊಲದಲ್ಲಿ ಮಳೆ ಮೂಸಿ ನೋಡಿ ಬಿತ್ತನೆ ಹೇಳುವ ಅಪ್ಪ ಅವನು.

ಬೆಂಗಳೂರಿನ ಮಾತು ಎತ್ತದೆ ಇದ್ದರೆ ಲೆಕ್ಕ ಅರ್ಧವಾಗುತ್ತದೆ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಇಲ್ಲಿ ಕಚೇರಿ ತೆರೆಯಿತು. ಈಗ ಅದು ಆ ಬ್ಯಾಂಕಿನ ಅತಿ ದೊಡ್ಡ ಕಚೇರಿಗಳಲ್ಲೊಂದು. ಲಂಡನ್, ನ್ಯೂಯಾರ್ಕಿನ ಬೇರೆ ಬ್ಯಾಂಕುಗಳೂ ಬಂದಿವೆ. ನಮ್ಮ ಪತ್ರಿಕೆಗಳು ಇದನ್ನು ನೋಡಿ ಬೆಂಗಳೂರು ಜಾಗತಿಕ ನಗರವಾಯಿತು ಎಂದು ತಮಟೆ ಬಾರಿಸುತ್ತವೆ. ಸಾಸೆನ್ ಪುಸ್ತಕವನ್ನು ಗಮನವಿಟ್ಟು ಓದಿದರೆ ಅದು ಬೇರೆಯೇ ಹೇಳುತ್ತದೆ. ಇಲ್ಲಿಗೆ ಹೆಚ್ಚಾಗಿ ಬಂದದ್ದು ಚೆದುರಿದ ಕೆಲಸ. ಲಗಾಮು ಬಂದಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ರಾತ್ರಿ ಪಾಳಿಯಲ್ಲಿ ಅವರ ಗಡಿಯಾರಕ್ಕೆ ದುಡಿಯುವ ನಮ್ಮ ಇಂಜಿನಿಯರನಿಗೆ ತಾನು ಯಾವ ಕಡೆ ಇದ್ದೇನೆ ಎಂದು ಅನುಮಾನ ಬಂದರೆ, ಅವನು ಕೆಜಿಎಫ್‌ಗೆ ಒಂದು ರೈಲು ಹತ್ತಿ ಬರಲಿ. ನೂರು ಕಿಲೋಮೀಟರು ದೂರ. ಆ ಊರಿನಿಂದ ಬೆಳಗಿನ ಜಾವ ಅದೇ ರೈಲಿನಲ್ಲಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ದುಡಿಯಲು ಬರುತ್ತಿದ್ದಾರೆ.

ಇನ್ನೊಂದು ಸಂಗತಿ. ಲಂಡನ್ನಿನ ಪೂರ್ವ ಭಾಗದ ಜನ 2001ರಲ್ಲಿ ಜೀವನಕ್ಕೆ ಸಾಲುವ ಕೂಲಿ ಬೇಕು ಎಂದು ಚಳವಳಿ ಶುರು ಮಾಡಿದರು. ಚರ್ಚು, ಮಸೀದಿ, ಶಾಲೆ, ಕಾರ್ಮಿಕ ಸಂಘ ಎಲ್ಲ ಒಟ್ಟು ಸೇರಿ. 2003ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಷೇರುದಾರರ ಸಭೆಯಲ್ಲಿ, ಆ ಬ್ಯಾಂಕಿನ ಕಚೇರಿಯನ್ನು ರಾತ್ರಿ ಗುಡಿಸುತ್ತಿದ್ದ ಕಾರ್ಮಿಕನೊಬ್ಬ ಎದ್ದು ನಿಂತು ಅಧ್ಯಕ್ಷರನ್ನೇ ನೇರ ಮಾತಾಡಿಸಿದ. ಒಂದೇ ಕಚೇರಿಯಲ್ಲಿ ಇಬ್ಬರದೂ ಕೆಲಸ, ಪಾಳಿ ಬೇರೆ. ಮುಂದೆ ಕ್ಯಾನರಿ ವಾರ್ಫ್‌ನ ಬ್ಯಾಂಕುಗಳು ಒಂದೊಂದಾಗಿ ಕೂಲಿ ಏರಿಸಿದವು. 2008ರಲ್ಲಿ ಅದೇ ಭಾಗದ ಕ್ವೀನ್ ಮೇರಿ ವಿಶ್ವವಿದ್ಯಾಲಯ ಗುಡಿಸುವವರನ್ನು ಗುತ್ತಿಗೆಯಿಂದ ಬಿಡಿಸಿ ತನ್ನದೇ ನೌಕರರನ್ನಾಗಿ ಮಾಡಿಕೊಂಡಿತು. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಗುತ್ತಿಗೆಯ ಮೇಲೆ ಕಕ್ಕಸು ತೊಳೆಯುವ ನಮ್ಮ ಅಕ್ಕಂದಿರ ಸಂಘಗಳಿಗೆ ಈ ಕತೆ ಮುಟ್ಟಬೇಕು, ಕನ್ನಡದಲ್ಲಿ.

‘ಗ್ಲೋಬಲ್ ಸಿಟಿ’ಯನ್ನು ಕನ್ನಡಕ್ಕೆ ತರುವವರು ಬೇಕಾಗಿದ್ದಾರೆ. ಕೋಷ್ಟಕಗಳು ಬಹಳ, ಭಾಷೆ ಗಡುಸು, ಆದರೂ ತರಬೇಕು. ಅನುವಾದಕರು ‘ಸ್ಕಿಲ್’ ಎಂಬ ಪದ ಬಂದ ಕಡೆಯೆಲ್ಲ ‘ಕಸುಬು’ ಎಂದು ಹಾಕಿ ನೋಡಲಿ. ಕರಡು ಓದಿ ಜಗಳ ಆಡೋದಕ್ಕೆ ನಾವಿದ್ದೇವೆ.