ಸೆಲ್ಲಿನೊಳಗೆ ಒಂದು ಟೆಂಟ್ ಸಿನಿಮಾ

ಕೆಲವು ಸಿನಿಮಾಗಳು ಸೋತವು ಅಂತ ಗೊತ್ತಾದ ಮೇಲೇ ನಾವು ನೋಡೋದು. 'ಕಿಸ್ ಆಫ್ ದ ಸ್ಪೈಡರ್ ವುಮನ್' ನನ್ನ ಪಾಲಿಗೆ ಅಂಥದ್ದು. 2025ರ ಜನವರಿಯಲ್ಲಿ ಸಂಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, ಅಕ್ಟೋಬರಿನಲ್ಲಿ ಅಮೆರಿಕದ ಥಿಯೇಟರುಗಳಿಗೆ ಬಂತು. ಜೆನಿಫರ್ ಲೋಪೆಜ್ ಇದ್ದೂ ಮೊದಲ ವಾರಾಂತ್ಯದ ಗಳಿಕೆ ಹತ್ತು ಲಕ್ಷ ಡಾಲರ್ ಕೂಡ ಮುಟ್ಟಲಿಲ್ಲ. ಫ್ಲಾಪ್ ಅಂತ ಸೀಲ್ ಬಿತ್ತು. ನಾನು ನೋಡಿದ್ದು ಒಂದು ಶನಿವಾರ ರಾತ್ರಿ, ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿ, ಸ್ವಂತದ್ದು ತೆರೆದು. ಮುಗಿದ ಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಕತೆ ಇಷ್ಟೇ. 1983ರ ಅರ್ಜೆಂಟೀನಾ, ಮಿಲಿಟರಿ ಸರ್ವಾಧಿಕಾರದ ಕೊನೆಯ ವರ್ಷ. ಒಂದೇ ಸೆಲ್ಲಿನಲ್ಲಿ ಇಬ್ಬರು. ವ್ಯಾಲೆಂಟಿನ್ ಕ್ರಾಂತಿಕಾರಿ, ಪುಸ್ತಕದ ಹುಳ. ಮೊಲಿನಾ ಅಂಗಡಿಯ ಗಾಜಿನ ಕಿಟಕಿಗಳನ್ನು ಸಿಂಗರಿಸುತ್ತಿದ್ದವನು, ಗಂಡಸರನ್ನು ಪ್ರೀತಿಸಿದ್ದೇ ಅವನ ಅಪರಾಧ. ವ್ಯಾಲೆಂಟಿನ್ ಬಾಯಿಂದ ಸಂಗಾತಿಗಳ ಹೆಸರು ಹೊರಡಿಸಿದರೆ ಬೇಗ ಬಿಡುಗಡೆ ಅಂತ ಜೈಲಿನ ಅಧಿಕಾರಿ ಮೊಲಿನಾಗೆ ಆಸೆ ತೋರಿಸಿದ್ದಾನೆ. ಅತ್ತ ಮೊಲಿನಾನ ತಾಯಿಗೆ ಹುಷಾರಿಲ್ಲ. ಇತ್ತ ಹೊತ್ತು ಕಳೆಯೋಕೆ ಅವನು ತನಗಿಷ್ಟವಾದ ಹಳೇ ಹಾಲಿವುಡ್ ಸಿನಿಮಾವೊಂದರ ಕತೆಯನ್ನು ವ್ಯಾಲೆಂಟಿನ್‌ಗೆ ದಿನಾ ಸ್ವಲ್ಪ ಸ್ವಲ್ಪ ಹೇಳ್ತಾನೆ. ನಮಗೆ ಹಾಡು, ಕುಣಿತ, ಬಣ್ಣ ಕಾಣೋದು ಆ ಕತೆಯೊಳಗೆ ಮಾತ್ರ.

ಈ 'ಮಾತ್ರ' ಅನ್ನೋದೇ ನಿರ್ದೇಶಕ ಬಿಲ್ ಕಾಂಡನ್ ತೆಗೆದುಕೊಂಡ ದೊಡ್ಡ ನಿರ್ಧಾರ. ಮೂಲ ಮ್ಯಾನುಯೆಲ್ ಪುಯಿಗ್‌ನ 1976ರ ಕಾದಂಬರಿ. ಅದನ್ನು ಕ್ಯಾಂಡರ್ ಮತ್ತು ಎಬ್ ಜೋಡಿ ರಂಗದ ಮೇಲೆ ಮ್ಯೂಸಿಕಲ್ ಮಾಡಿದಾಗ ಕೈದಿಗಳು ಜೈಲಿನಲ್ಲೂ ಹಾಡುತ್ತಿದ್ದರು. ಕಾಂಡನ್ ಅಂಥ ಹಾಡುಗಳಲ್ಲಿ ಹೆಚ್ಚಿನವನ್ನು ಕಿತ್ತುಹಾಕಿದ. ಹಾಗಾಗಿ ಹಾಡು ನಿಂತ ಕೂಡಲೇ ನಾವು ದೊಪ್ಪಂತ ಸೆಲ್ಲಿಗೆ ಬೀಳ್ತೀವಿ. ಬೂದು ಗೋಡೆ, ಕಬ್ಬಿಣದ ಬಾಗಿಲು. ನಾಯಕ ನಾಯಕಿ ಊರ ಗದ್ದೆಯಿಂದ ನೇರ ಸ್ವಿಟ್ಜರ್ಲೆಂಡಿಗೆ ಹಾರೋದನ್ನು ನೋಡಿ ಬೆಳೆದ ನಮಗೆ ಈ ವ್ಯಾಕರಣ ಹೊಸದೇನಲ್ಲ. ಆದರೆ ನಮ್ಮಲ್ಲಿ ಆ ಕನಸು ಯಾರದ್ದು ಅಂತ ಯಾರೂ ಕೇಳಲ್ಲ. ಇಲ್ಲಿ ಪ್ರತಿ ಹಾಡಿಗೂ ಒಬ್ಬ ಹೇಳುವವನಿದ್ದಾನೆ, ಒಬ್ಬ ಕೇಳುವವನಿದ್ದಾನೆ.

ಇನ್ನೊಂದು ವಿಷಯ ಗಮನಿಸಿ. ಮೊಲಿನಾ ಹೇಳೋ ಸಿನಿಮಾದಲ್ಲಿ ಹೀರೋ ಮುಖ ವ್ಯಾಲೆಂಟಿನ್‌ದು. ಮೊಲಿನಾಗೆ ಸಿಗೋದು ನಾಯಕಿಯ ಸಹಾಯಕನ ಪಾತ್ರ! ತನ್ನದೇ ಕಲ್ಪನೆ, ಯಾವ ಪಾತ್ರ ಬೇಕಾದ್ರೂ ತಗೋಬಹುದಿತ್ತು. ಆದರೂ ಪಕ್ಕದಲ್ಲಿ ನಿಲ್ಲುವಷ್ಟೇ ಧೈರ್ಯ. ಟೋನಾಟಿಯುಹ್ ಎಂಬ ನಟ ಇದನ್ನು ಒಂದು ಮಾತೂ ಆಡದೆ ಕಣ್ಣಲ್ಲೇ ತೋರಿಸ್ತಾನೆ. ವಿಷ ಬೆರೆತ ಊಟದಿಂದ ವ್ಯಾಲೆಂಟಿನ್ ಹೊಟ್ಟೆ ಕೆಟ್ಟು ನರಳುವಾಗ ಅವನನ್ನು ತೊಳೆದು ಒರೆಸುವುದು ಮೊಲಿನಾ. ಪ್ರೀತಿ ಶುರುವಾಗೋದು ಅಲ್ಲಿ, ಹಾಡಿನಲ್ಲಲ್ಲ. ಡಿಯೆಗೋ ಲೂನಾ ಕೂಡ ಅಷ್ಟೇ ಹದವಾಗಿ ಕರಗಿದ್ದಾನೆ.

ದೋಷ ಇಲ್ಲ ಅಂತಲ್ಲ. ಒಳಗಿನ ಸಿನಿಮಾದ ಕತೆ ತೀರಾ ತೆಳು. ನಡುವೆ ಎರಡು ಹಾಡು ಕತ್ತರಿಸಿದ್ದರೆ ನಷ್ಟವಿರಲಿಲ್ಲ. ಲೋಪೆಜ್ ಕುಣಿದರೆ ಕಣ್ಣು ಕೀಳೋಕಾಗಲ್ಲ, ಆದರೆ ಸಾವಿನಂಥ ಸ್ಪೈಡರ್ ವುಮನ್ ಆಗಿ ಹೆದರಿಸೋದಿಲ್ಲ. 1985ರಲ್ಲಿ ಹೆಕ್ಟರ್ ಬಬೆಂಕೊ ಇದೇ ಕಾದಂಬರಿಯನ್ನು ಹಾಡಿಲ್ಲದೆ ಮಾಡಿದ್ದ. ಮೊಲಿನಾ ಪಾತ್ರಕ್ಕೆ ವಿಲಿಯಂ ಹರ್ಟ್‌ಗೆ ಆಸ್ಕರ್ ಬಂತು. ಹೋಲಿಸಿದರೆ ಅದು ಹೆಚ್ಚು ಬಿಗಿ. ಆದರೆ ಒಬ್ಬ ಮನುಷ್ಯನಿಗೆ ಸಿನಿಮಾ ಯಾಕೆ ಬೇಕು ಅನ್ನೋದು ನನಗೆ ಅರ್ಥವಾಗಿದ್ದು ಈ ಹೊಸದರಲ್ಲಿ.

ನಮ್ಮೂರಲ್ಲಿ ಟೈಲರ್ ಅಂಗಡಿಯಲ್ಲಿ ಕಾಜ ಮಾಡಿ ಗುಂಡಿ ಹೊಲಿಯುವ ಅಣ್ಣ ಒಬ್ಬನಿದ್ದ. ಟೆಂಟಿನಲ್ಲಿ ಸೆಕೆಂಡ್ ಶೋ ನೋಡಿ ಬಂದು, ಮರುದಿನ ಸಂಜೆ ನಮ್ಮನ್ನು ಕಟ್ಟೆ ಮೇಲೆ ಕೂರಿಸಿಕೊಂಡು ಪೂರ್ತಿ ಸಿನಿಮಾ ಹೇಳೋನು. ನಾಯಕಿ ಬಂದಾಗ ಟವೆಲ್ಲು ಸೆರಗಾಗುತ್ತಿತ್ತು, ದನಿ ಬದಲಾಗುತ್ತಿತ್ತು. ದೊಡ್ಡವರು ಅವನನ್ನು ಏನಂತ ಕರೀತಿದ್ರು ಅಂತ ಬರೆಯೋಕೆ ನಾಚಿಕೆ. ನಾನು ಹೈಸ್ಕೂಲಿಗೆ ಹೋಗೋ ಹೊತ್ತಿಗೆ, ಅವನ ಪಕ್ಕ ಕೂತರೆ ನನಗೂ ಅದೇ ಹೆಸರು ಬೀಳ್ತದೆ ಅಂತ ಗೊತ್ತಾಯ್ತು. ಒಂದು ಸಂಜೆ ಅರ್ಧ ಕತೆ ಆಗಿತ್ತು. ಮರುದಿನ ನಾನು ಹೋಗಲಿಲ್ಲ. ದಾರಿಯಲ್ಲಿ ಸಿಕ್ಕಿ, "ಯಾಕೋ ತಮ್ಮ, ಉಳಿದ ಕತೆ ಬೇಡ್ವಾ?" ಅಂದ. ಗೆಳೆಯರು ನಕ್ಕರು. ನಾನೂ ನಕ್ಕೆ.

ಮೊಲಿನಾನನ್ನು ಅಣಕಿಸಿ, ಸಿನಿಮಾ ಅಂದ್ರೆ ಅಫೀಮು ಅಂತ ಭಾಷಣ ಬಿಗಿಯುವ ವ್ಯಾಲೆಂಟಿನ್, ಆಮೇಲೆ 'ಮುಂದೇನಾಯ್ತು' ಅಂತ ತಾನೇ ಕೇಳ್ತಾನೆ ನೋಡಿ, ಅಲ್ಲಿ ನನಗೆ ತಡೆಯೋಕಾಗಲಿಲ್ಲ. ಅವನು ಕೇಳಿದ. ನಾನು ಕೇಳಲಿಲ್ಲ.

2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಸೆಕ್ಷನ್ 377ರ ಹಲ್ಲು ಕಿತ್ತಾಗ ನಾನು ಆಫೀಸಿನಲ್ಲಿ ಎಲ್ಲರ ಜೊತೆ ಕೇಕ್ ತಿಂದಿದ್ದೆ. ಊರಿನ ಅಣ್ಣ ಆವತ್ತು ನೆನಪಾಗಲಿಲ್ಲ. ಕಾನೂನು ಬದಲಾದದ್ದು ದೊಡ್ಡದು, ನಿಜ. ಆದರೆ ಜೈಲಿನೊಳಗೆ ಇನ್ನೊಂದು ಜೈಲಿರುತ್ತೆ, ಅದರ ಬೀಗದ ಕೈ ನಮ್ಮಂಥ ನಗುವವರ ಜೇಬಿನಲ್ಲಿರುತ್ತೆ.

ಕೊನೆ ಹೇಳಲ್ಲ, ನೋಡಿ. ಒಂದೇ ಕೋರಿಕೆ: ಹಾಡು ಬಂತು ಅಂತ ಫಾರ್ವರ್ಡ್ ಮಾಡಬೇಡಿ. ಸೆಲ್ಲಿನೊಳಗಿನ ಇಬ್ಬರಿಗೆ ಇರೋದು ಅಷ್ಟೇ.