ನಾಗ್ಪುರದಲ್ಲಿ ಕೂತು ಅಮೆರಿಕದ ಡಾಕ್ಟರೇಟ್

ನಾಗ್ಪುರದ ಧರಮ್‌ಪೇಠದಲ್ಲೋ ಮನೀಷ್ ನಗರದಲ್ಲೋ ಎರಡು ಕೋಣೆಯ ಥೆರಪಿ ಸೆಂಟರ್ ನಡೆಸುವವರ ಹೆಸರಿನ ಮುಂದೆ ‘ಡಾ.’ ಎಂದಿದ್ದರೆ ಪಾಲಕರು ಅವರ ಮಾತು ಕೇಳುವ ರೀತಿಯೇ ಬೇರೆ. ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಎಬಿಎ, ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆಯಲ್ಲಿ, ಆನ್‌ಲೈನ್ ಡಾಕ್ಟರೇಟ್ ಮಾಡುವ ಆಸೆ ಹುಟ್ಟುವುದು ಸಹಜ. ಚಿಕಾಗೊ ಸ್ಕೂಲ್‌ನಂಥ ಅಮೆರಿಕದ ಸಂಸ್ಥೆಗಳು ಇದನ್ನು ಕೊಡುತ್ತವೆ. ಶುಲ್ಕ ಡಾಲರಿನಲ್ಲಿ. ನ್ಯೂಯಾರ್ಕ್ ಸಮಯದ ಸಂಜೆ ಏಳರ ತರಗತಿಗೆ ಬೇಸಿಗೆಯಲ್ಲಿ ಇಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು.

ಓದು ಕಳಪೆಯೆಂದು ನಾನು ಹೇಳುವುದಿಲ್ಲ. 1968ರಲ್ಲಿ ಬೇರ್, ವುಲ್ಫ್ ಮತ್ತು ರಿಸ್ಲಿ ಬರೆದ ಪ್ರಬಂಧದಿಂದ ಇಲ್ಲಿಯವರೆಗೆ ಈ ಶಾಸ್ತ್ರ ಒಂದು ಶಿಸ್ತನ್ನು ಬಿಟ್ಟುಕೊಟ್ಟಿಲ್ಲ. ‘ಹುಡುಗ ಹಟಮಾರಿ’ ಎಂದು ಬರೆಯಲು ಅದು ಬಿಡುವುದಿಲ್ಲ. ಏನು ಮಾಡಿದ, ಎಷ್ಟು ಸಲ, ಯಾವುದರ ನಂತರ ಎಂದು ಕೇಳುತ್ತದೆ. ನಮ್ಮ ಎಷ್ಟೋ ವಿಶೇಷ ಶಾಲೆಗಳ ವರದಿಗಳಲ್ಲಿ ಇರುವ ‘ಸುಧಾರಣೆ ತೃಪ್ತಿಕರ’ ಎಂಬ ಷರಾ ಈ ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ. ಇಷ್ಟನ್ನು ಕಲಿಯಲು ಪರದೆ ಸಾಕು.

ಸಾಲದಿರುವುದು ಮೇಲ್ವಿಚಾರಣೆಗೆ. ಮೇ ತಿಂಗಳ ನಾಗ್ಪುರ ಅಂದುಕೊಳ್ಳಿ. ಹೊರಗೆ 45 ಡಿಗ್ರಿ, ಕಿಟಕಿಗೆ ಸಿಕ್ಕಿಸಿದ ಕೂಲರ್ ಗರ್ರೆನ್ನುತ್ತಿದೆ. ಮಣಿ ಪೋಣಿಸಲು ಕೊಟ್ಟ ಕೂಡಲೇ ಆರು ವರ್ಷದ ಹುಡುಗ ಟೇಬಲ್ ತಳ್ಳಿ ಕಿವಿ ಮುಚ್ಚಿಕೊಳ್ಳುತ್ತಾನೆ. ಹಾಳೆಯಲ್ಲಿ ಮೂರು ಕಾಲಂ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ದೂರದ ಮಾರ್ಗದರ್ಶಕರು ವಿಡಿಯೊ ನೋಡಿ ‘ಕೆಲಸ ತಪ್ಪಿಸಿಕೊಳ್ಳಲು ಮಾಡಿದ್ದು’ ಎಂದು ತೀರ್ಮಾನಿಸುವ ಸಾಧ್ಯತೆಯೇ ಹೆಚ್ಚು. ಒಂದೇ ಸಮನೆ ಬರುವ ಕೂಲರಿನ ಸದ್ದನ್ನು ವಿಡಿಯೊ ಕಾಲ್‌ನ ಸಾಫ್ಟ್‌ವೇರ್ ಆಗಲೇ ಸೋಸಿ ತೆಗೆದಿರುತ್ತದೆ. ಹುಡುಗನನ್ನು ಕಾಡಿದ್ದು ಅವರ ಕಿವಿಗೆ ಬಿದ್ದೇ ಇಲ್ಲ. ಕೂಲರ್ ಆರಿಸಿ ಅದೇ ಮಣಿಗಳನ್ನು ಮತ್ತೆ ಕೊಟ್ಟು ನೋಡೋಣ ಎಂದು ಹೊಳೆಯುವುದು ಆ ಕೋಣೆಯಲ್ಲಿ ಬೆವರುತ್ತಾ ಕೂತವರಿಗೆ. ವರ್ತನೆಯ ಕಾರಣವನ್ನು ಪರಿಸರದಲ್ಲಿ ಹುಡುಕು ಎನ್ನುವ ಶಾಸ್ತ್ರವನ್ನು ಪರಿಸರದಿಂದ ಹತ್ತು ಸಾವಿರ ಕಿಲೋಮೀಟರಿಗೂ ದೂರ ಕೂತು ತಿದ್ದುವುದರಲ್ಲೇ ಒಂದು ವಿಪರ್ಯಾಸವಿದೆ.

ಇನ್ನೊಂದು ಪರೀಕ್ಷೆಯನ್ನೂ ಈ ಕೋರ್ಸುಗಳಿಗೆ ಒಡ್ಡಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ ಸುಮಾರು 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯಲ್ಲಿ ಓದುವ ಮಟ್ಟಕ್ಕೆ ಬಂದರು ಎಂಬ ಅಂಕಿ ಸೆಂಟರ್‌ಗಳ ಜಾಹೀರಾತಿಗೆ ಬಲು ಅನುಕೂಲ. ಅದೇ ಲೋವಾಸ್ 1960ರ ದಶಕದಲ್ಲಿ ಮಕ್ಕಳ ಮೇಲೆ ವಿದ್ಯುತ್ ಆಘಾತವನ್ನೂ ಬಳಸಿದ್ದರು. ಕಣ್ಣಿಗೆ ಕಣ್ಣಿಟ್ಟು ನೋಡುವಂತೆ ಒತ್ತಾಯಿಸಿದ್ದು ತಮಗೆ ಹಿಂಸೆಯಾಗಿತ್ತು ಎಂದು ಆಟಿಸಂ ಇರುವ ಹಲವು ವಯಸ್ಕರು ಇಂದು ಹೇಳುತ್ತಿದ್ದಾರೆ. ಅವರ ಮಾತುಗಳನ್ನು ಓದಿಸದ ಡಾಕ್ಟರೇಟ್ ನನ್ನ ಮಟ್ಟಿಗೆ ಅರ್ಧ ಡಾಕ್ಟರೇಟ್.

ಇಷ್ಟೆಲ್ಲ ಆದಮೇಲೆ ಕಾಗದದ ಬೆಲೆ ಏನು? 2022ರ ಅಕ್ಟೋಬರಿನಲ್ಲಿ ಯುಜಿಸಿ ಮತ್ತು ಎಐಸಿಟಿಇ, ಎಜುಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳೊಡನೆ ಸೇರಿ ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲವೆಂದು ಪ್ರಕಟಣೆ ಹೊರಡಿಸಿದವು. ಮರು ತಿಂಗಳು ಬಂದ ಪಿಎಚ್‌ಡಿ ನಿಯಮಗಳು ನಮ್ಮ ವಿಶ್ವವಿದ್ಯಾಲಯಗಳಿಗೂ ಆನ್‌ಲೈನ್ ದಾರಿ ಮುಚ್ಚಿದವು. ವರ್ತನಾ ವಿಶ್ಲೇಷಕರಿಗೆ ಬಿಸಿಬಿಎ ಎಂಬ ಪ್ರಮಾಣಪತ್ರ ಕೊಡುವ ಅಮೆರಿಕದ ಮಂಡಳಿ 2023ರಿಂದ ಅಮೆರಿಕ, ಕೆನಡಾ ಮುಂತಾದ ಬೆರಳೆಣಿಕೆಯ ದೇಶಗಳ ನಿವಾಸಿಗಳ ಅರ್ಜಿಯನ್ನಷ್ಟೇ ತೆಗೆದುಕೊಳ್ಳುತ್ತಿದೆ. ಆ ಪ್ರಮಾಣಪತ್ರಕ್ಕೆ ಬೇಕಾದದ್ದು ಸ್ನಾತಕೋತ್ತರ ಪದವಿ, ಡಾಕ್ಟರೇಟ್ ಅಲ್ಲ. ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, ನೋಂದಾಯಿಸುವ ವೃತ್ತಿಗಳ ಪಟ್ಟಿಯಲ್ಲಿ ವರ್ತನಾ ವಿಶ್ಲೇಷಕ ಇಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಅನುಸೂಚಿಯಲ್ಲಿ ಆ ಹೆಸರೇನೋ ಇದೆ, ಸದ್ಯಕ್ಕೆ ಅದೊಂದೇ ಸಮಾಧಾನ.

ನಮ್ಮಲ್ಲಿ ಈ ವಿದ್ಯೆಗೆ ತಳಪಾಯವೇ ಇರಲಿಲ್ಲ ಎನ್ನುವಂತಿಲ್ಲ. ಬೌದ್ಧಿಕ ನ್ಯೂನತೆ ಇರುವವರಿಗಾಗಿ ಸಿಕಂದರಾಬಾದಿನಲ್ಲಿರುವ ರಾಷ್ಟ್ರೀಯ ಸಂಸ್ಥೆಯಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲೇ ಭಾರತೀಯ ಮಕ್ಕಳಿಗೆಂದು ವರ್ತನಾ ಮಾಪನಗಳನ್ನೂ ಶಿಕ್ಷಕರಿಗೆ ಕೈಪಿಡಿಯನ್ನೂ ಸಿದ್ಧಪಡಿಸಿದ್ದರು. ವೆಂಕಟೇಶನ್ ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪಾಠ ಮಾಡಿದವರು. ಈ ಕೆಲಸವನ್ನು ಮುಂದುವರಿಸುವ ಸಂಶೋಧನೆಗೆ ನಾಗ್ಪುರದಂಥ ಊರಿನಲ್ಲಿ ವಿಷಯಕ್ಕೆ ಬರವೇ? ಮನೆಯಲ್ಲಿ ವರ್ಹಾಡಿ ಮರಾಠಿ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಗುವಿಗೆ ನೀರು ಕೇಳುವುದನ್ನು ಯಾವ ಭಾಷೆಯಲ್ಲಿ ಮೊದಲು ಕಲಿಸಬೇಕು ಎಂಬುದೊಂದೇ ಒಂದು ಪ್ರಬಂಧಕ್ಕೆ ಸಾಕು.

ಅದಕ್ಕೆ ಡಾಲರ್ ತೆರಬೇಕಿಲ್ಲ. ಅದೇ 2022ರ ನಿಯಮಗಳು ಕೆಲಸದಲ್ಲಿರುವವರಿಗೆ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿವೆ. 1923ರಿಂದ ಇರುವ ನಾಗ್ಪುರ ವಿಶ್ವವಿದ್ಯಾಲಯ ಸೆಂಟರಿನಿಂದ ಆಟೊ ದೂರದಲ್ಲಿದೆ. ಪದವಿಯ ಮೇಲೆ ಎಬಿಎ ಎಂದಿರುವುದಿಲ್ಲ, ಬರೀ ಮನಃಶಾಸ್ತ್ರ ಎಂದಿರುತ್ತದೆ. ಗೈಡ್ ಸಿಗುವುದು ಕಷ್ಟ, ಸಿಕ್ಕರೂ ವರ್ತನಾ ವಿಶ್ಲೇಷಣೆ ಬಲ್ಲವರು ಸಿಗುವುದು ಇನ್ನೂ ಕಷ್ಟ. ಆದರೆ ಗೈಡ್ ಒಂದು ಮಧ್ಯಾಹ್ನ ಬಂದು ಆ ಹುಡುಗನ ಪಕ್ಕದಲ್ಲಿ ಕೂರಬಹುದು. ಅಮೆರಿಕದ ಆನ್‌ಲೈನ್ ಕೋರ್ಸು ಕೊಡಲಾಗದ್ದು ಅದೊಂದನ್ನೇ.