ಏರುಬೆಲೆಯ ಕಾಲದಲ್ಲಿ ಖೋತಾ ವೆಚ್ಚದ ಮಿತಿ: ಒಂದು ವಿಮರ್ಶೆ

ಸರ್ಕಾರದ ಖೋತಾ ವೆಚ್ಚಕ್ಕೆ ಕಟ್ಟು ವಿಧಿಸಿದ ಶಾಸನ 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇಕಡ 3ನ್ನು ಮೀರಬಾರದು, ರಾಜಸ್ವ ಕೊರತೆ ಇರಕೂಡದು ಎಂಬುವು ಅದರ ಮುಖ್ಯ ಗುರಿಗಳು. ಈ ಉದ್ದೇಶವನ್ನು ನಾವು ಒಪ್ಪುತ್ತೇವೆ. ಆದರೆ ಹಣದುಬ್ಬರದ ಕಾಲದಲ್ಲಿ ಈ ಕಟ್ಟು ಎಷ್ಟರಮಟ್ಟಿಗೆ ನಿಂತೀತೆಂಬುದು ವಿಚಾರಾರ್ಹ.

ಉತ್ಪನ್ನವನ್ನು ಇಲ್ಲಿ ಚಾಲ್ತಿ ಬೆಲೆಗಳಲ್ಲಿ ಅಳೆಯುತ್ತಾರೆ. ಉತ್ಪನ್ನ 100 ರೂಪಾಯಿ ಇದ್ದಾಗ ಮಿತಿ 3 ರೂಪಾಯಿ. ಬೆಳೆ ಒಂದು ಕಾಳೂ ಹೆಚ್ಚದೆ ಬೆಲೆ ಮಾತ್ರ ಶೇಕಡ 10 ಏರಿತೆನ್ನೋಣ. ಮಿತಿಯೂ 3 ರೂಪಾಯಿ 30 ಪೈಸೆಗೆ ತಾನಾಗಿ ಏರುತ್ತದೆ. ಬೆಲೆಯೊಡನೆ ಏರುವ ಕಟ್ಟು ಬೆಲೆಯನ್ನು ತಡೆದೀತೆ? ದುಡಿಮೆ ನಿಂತಿದ್ದ 2020-21ನೆಯ ಸಾಲಿಗೆ ಮಿತಿಯನ್ನು ಶೇಕಡ 5ಕ್ಕೆ ಸಡಿಲಿಸಲಾಯಿತು. ಅದು ನ್ಯಾಯವೇ. ಆದರೆ ಏರುಬೆಲೆಯ ವರ್ಷದಲ್ಲಿ ಅದನ್ನು ತಾನಾಗಿ ಬಿಗಿಯುವ ಸೂತ್ರವಿಲ್ಲ. ಇದು ಮೊದಲನೆಯ ನ್ಯೂನತೆ.

ರಾಜ್ಯವು ನೋಟು ಅಚ್ಚುಹಾಕಲಾರದು, ಸಾಲವನ್ನಷ್ಟೆ ಎತ್ತುತ್ತದೆ. ಆದುದರಿಂದ ಉಬ್ಬರದ ಹೊಣೆ ಅದರದಲ್ಲವೆನ್ನುವವರುಂಟು. ಸುಮ್ಮನಿದ್ದ ಉಳಿತಾಯ ಸಾಲದ ರೂಪದಲ್ಲಿ ವೆಚ್ಚವಾದಾಗ ಅದೂ ಸಂತೆಯ ಧಾನ್ಯಕ್ಕೇ ಪೈಪೋಟಿ ನಡೆಸುತ್ತದೆಂಬುದನ್ನು ಅವರು ಮರೆಯುತ್ತಾರೆ.

ಎರಡನೆಯ ನ್ಯೂನತೆ ಇನ್ನೂ ಗಹನವಾದುದು. ಸಂಬಳ, ನಿವೃತ್ತಿವೇತನ, ಬಡ್ಡಿ ಇವುಗಳನ್ನು ಕಡಿಯುವುದು ಕಷ್ಟ. ನಾಲೆಯ ದುರಸ್ತಿಯೋ ರಾಜಸ್ವ ವೆಚ್ಚದಲ್ಲಿ ಸೇರಿದೆ. ಕತ್ತರಿ ಅದರ ಮೇಲೆ ಬೀಳುವುದು ಸುಲಭ. ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ ತಾಲ್ಲೂಕುಗಳಿಗೆ ಹಾರಂಗಿಯ ನೀರು ಬರುತ್ತದೆ. ಕಬಿನಿ ಜಲಾಶಯ ಹೆಗ್ಗಡದೇವನಕೋಟೆಯಲ್ಲಿದೆ. ಇಂಥ ನಾಲೆಗಳ ಹೂಳೆತ್ತದೆ ಉಳಿಸಿದ ಹಣ ಮುಂದಿನ ವರ್ಷ ಭತ್ತದ ಅಭಾವವಾಗಿ ಮರಳುತ್ತದೆ. ಹೊಗೆಸೊಪ್ಪಿನ ಬೆಳೆಗಾರ ಹರಾಜಿನಲ್ಲಿ ಒಳ್ಳೆಯ ಬೆಲೆ ಬಂದರೆ ಸುಧಾರಿಸಿಕೊಂಡಾನು. ಅವನ ಹೊಲದ ಕೂಲಿಯಾಳಾದರೋ ಕೂಲಿ ಏರುವ ಮುನ್ನವೇ ಏರಿದ ಬೆಲೆಗೆ ರಾಗಿ ಕೊಳ್ಳಬೇಕು. ಉಬ್ಬರ ಅವನ ಪಾಲಿಗೆ ಶಾಸನವಿಲ್ಲದ ತೆರಿಗೆ.

ಕಾಲಕ್ಕೆ ತಕ್ಕ ಬಿಗಿ ಅಸಾಧ್ಯವಲ್ಲ. ಹುಣಸೂರಿನ ದೇವರಾಜ ಅರಸರು ಇಲ್ಲಿ ಮುಖ್ಯಮಂತ್ರಿಯಾಗಿದ್ದ 1974ರ ಜುಲೈನಲ್ಲಿ, ಕೇಂದ್ರ ಸರ್ಕಾರವು ನೌಕರರ ಹೆಚ್ಚುವರಿ ತುಟ್ಟಿಭತ್ಯದ ಅರ್ಧವನ್ನು ಕಡ್ಡಾಯ ಠೇವಣಿಯಾಗಿರಿಸಿತು. ಆ ಕ್ರಮವನ್ನೇ ಅನುಸರಿಸಬೇಕೆಂದು ನಮ್ಮ ವಾದವಲ್ಲ. ಬೆಲೆಸೂಚಿ ಗೊತ್ತಾದ ಮಟ್ಟವನ್ನು ದಾಟಿದೊಡನೆ ಮಿತಿ ಶೇಕಡ 3ಕ್ಕಿಂತ ಕೆಳಗಿಳಿಯಬೇಕು. ಪಡಿತರ ಮತ್ತು ನಾಲೆಯ ದುರಸ್ತಿ ಕಡಿತದಿಂದ ಹೊರಗುಳಿಯಬೇಕು. ಎಷ್ಟು ಕಡಿಯಬೇಕೆಂಬುದನ್ನು ಹೇಳಿ, ಏನನ್ನು ಕಡಿಯಬಾರದೆಂಬುದನ್ನು ಹೇಳದ ಶಾಸನ ಅರ್ಧ ಶಾಸನವೆಂದೇ ನಮ್ಮ ಅಭಿಪ್ರಾಯ.